ನೀರು ಬರದಿದ್ದರೆ ಡ್ಯಾಮ್ ಬದಲಿಸುತ್ತೇವೆಯೇ?

ಕಳೆದ ಮಳೆಗಾಲದಲ್ಲಿ ನಮ್ಮ ಹಳೆ ಕಾರಿಗೆ 10,700 ರೂಪಾಯಿ ಖರ್ಚು ಮಾಡಿದೆ. ಕಾಯಿಲೆ ಇದ್ದದ್ದು 180 ರೂಪಾಯಿಯ ಒಂದು ವೈರಿನಲ್ಲಿ. ಬರೀ ದುಡ್ಡಿನ ಸಂಕಟವಾಗಿದ್ದರೆ ಮನೆಯಲ್ಲೇ ಹೇಳಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಅದೇ ವೈರಿನ ದೆಸೆಯಿಂದ ಒಂದು ರಾತ್ರಿ ನಮ್ಮೂರಿನ ಹುಡುಗನೊಬ್ಬನ ಜೀವಕ್ಕೇ ಬರುವುದಿತ್ತು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಸಿಂಧನೂರು–ಮಸ್ಕಿ ರಸ್ತೆಯಿಂದ ಒಳಗಿರುವ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೆಳಭಾಗ. ಕೆಳಭಾಗ ಅಂದಮೇಲೆ ನಮ್ಮ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಐದು ಎಕರೆ ನೆಲ್ಲು, ಎರಡು ಎಕರೆ ಎರಿ ಹೊಲ. ಹಳೆಯದೊಂದು ಡೀಸೆಲ್ ಕಾರು, ನಾನೂ ಎರಡನೇ ಕೈಯಲ್ಲಿ ಕೊಂಡದ್ದು. ಹೆಸರಿಗೆ ನನ್ನದು, ಕೆಲಸಕ್ಕೆ ಊರಿನದು. ಬೀಜ ತರಲು, ಯೂರಿಯಾ ಚೀಲ ಹೇರಲು, ಬಾಣಂತಿಯನ್ನು ತವರಿಗೆ ಬಿಡಲು ಎಲ್ಲಕ್ಕೂ ಅದೇ.

ಮೊದಲ ಸಲ ಕೈಕೊಟ್ಟದ್ದು ಲಿಂಗಸುಗೂರಿನಲ್ಲಿ. ಜಮೀನಿನ ಕಾಗದಕ್ಕೆಂದು ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿದ್ದೆ. ಹೊರಗೆ ಬಂದು ಕೀಲಿ ತಿರುವಿದರೆ ‘ಟಕ್’ ಎಂಬ ಒಂದು ಸದ್ದು, ಅಷ್ಟೇ. ಹಾರ್ನ್ ಜೋರಾಗಿ ಕೂಗಿತು, ದೀಪ ಹೊತ್ತಿದವು, ಎಂಜಿನ್ ಮಾತ್ರ ತಿರುಗಲೊಲ್ಲದು. ನಾಲ್ಕು ಮಂದಿ ತಳ್ಳಿ ಚಾಲೂ ಮಾಡಿಕೊಟ್ಟರು. ಬ್ಯಾಟರಿ ಅಂಗಡಿಗೆ ಒಯ್ದೆ. ಅಂಗಡಿಯವನು ಬಾನೆಟ್ ಎತ್ತಿ ನೋಡಿದವನೇ, “ಎಷ್ಟ್ ವರ್ಷ ಆತ್ರಿ ಅಣ್ಣಾರ? ಮೂರಾ? ಹೋಗ್ಯಾದ ಬಿಡ್ರಿ” ಅಂದ. ಹಳೆ ಬ್ಯಾಟರಿ ಕೊಟ್ಟು, ಮೇಲೆ 6,400 ರೂಪಾಯಿ ಎಣಿಸಿ ಹೊಸದು ಹಾಕಿಸಿಕೊಂಡೆ. ಒಂದೇ ಏಟಿಗೆ ಚಾಲೂ ಆಯಿತು. ಖುಷಿಯಿಂದ ಮನೆಗೆ ಬಂದೆ.

ಹದಿನೈದು ದಿನಕ್ಕೆ ಮಸ್ಕಿಯಲ್ಲಿ ಮತ್ತೆ ಅದೇ ‘ಟಕ್’. ಬ್ಯಾಟರಿ ಹೊಸದು. ಹಾಗಾದರೆ ಸ್ಟಾರ್ಟರ್ ಮೋಟಾರೇ ಹೋಗಿರಬೇಕು ಎಂದು ಅಲ್ಲಿನ ಮೆಕ್ಯಾನಿಕ್ ತೀರ್ಮಾನ ಕೊಟ್ಟ. ನಾನೂ ತಲೆ ಆಡಿಸಿದೆ. ಸ್ಟಾರ್ಟರ್ ಬಿಚ್ಚಿ ಕಾರ್ಬನ್ ಬ್ರಷ್, ಬುಷ್, ಸೊಲೆನಾಯ್ಡ್ ಎಲ್ಲ ಬದಲಾದವು. 4,300 ರೂಪಾಯಿ. ಗಾಡಿ ಮತ್ತೆ ಚಾಲೂ ಆಯಿತು! ಆ ದಿನ ವಾಪಸು ಬರುವಾಗ ಕ್ಲಚ್ ಪೆಡಲಿನ ಹತ್ತಿರ ಸುಟ್ಟ ವಾಸನೆ ಬಂದಂತಾಯಿತು. ಎಲ್ಲೋ ಗ್ರೀಸ್ ಹತ್ತಿರಬೇಕು ಎಂದು ಬಿಟ್ಟೆ. ಅಸಲು ಸುಳಿವು ಅಲ್ಲೇ ಇತ್ತು.

ಮೂರನೇ ಸಲ ಸೆಪ್ಟೆಂಬರಿನ ಒಂದು ರಾತ್ರಿ. ನಮ್ಮ ಕಡೆ ನೀರು ಬರುವುದೇ ರಾತ್ರಿ ಹೊತ್ತು. ನೀರು ಕಟ್ಟಲು ಹೋಗಿದ್ದ ಪಕ್ಕದ ಓಣಿಯ ಹುಡುಗನಿಗೆ ಬದುವಿನ ಮೇಲೆ ಹಾವು ಕಚ್ಚಿತು. ಅವನ ಅವ್ವ ಓಡಿ ಬಂದದ್ದು ನಮ್ಮ ಬಾಗಿಲಿಗೆ. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುವಿದೆ. ಟಕ್. ಇನ್ನೊಂದು ಸಲ. ಟಕ್. ತಳ್ಳೋಣವೆಂದರೆ ಮಳೆ ಬಂದು ಅಂಗಳವೆಲ್ಲ ಕೆಸರು, ಚಕ್ರ ಅಲ್ಲೇ ಹೂತು ನಿಂತಿದ್ದವು. ಇಪ್ಪತ್ತು ನಿಮಿಷ ಅದರಲ್ಲೇ ಹೋಯಿತು. ಕಡೆಗೆ ಬೈಕಿನ ಮೇಲೆ ಇಬ್ಬರ ನಡುವೆ ಅವನನ್ನು ಕೂಡಿಸಿ ಸಿಂಧನೂರಿನ ಆಸ್ಪತ್ರೆಗೆ ಒಯ್ದರು. ವಿಷಕ್ಕೆ ಇಂಜೆಕ್ಷನ್ ಬಿತ್ತು, ಹುಡುಗ ಉಳಿದ. ಆ ಇಪ್ಪತ್ತು ನಿಮಿಷ, ಆ ತಾಯಿ ನನ್ನ ಕಾರಿನ ಬಾಗಿಲು ಹಿಡಿದುಕೊಂಡು ನಿಂತದ್ದು ಇನ್ನೂ ಕಣ್ಣ ಮುಂದಿದೆ.

ಮರುದಿನ ಸಿಂಧನೂರಿನಿಂದ ಒಬ್ಬ ಹಿರಿಯರನ್ನು ಕರೆತಂದೆ. ಅವರು ಕಾರು ಮೆಕ್ಯಾನಿಕ್ ಅಲ್ಲ. ಪಂಪಿನ ಮೋಟಾರ್ ರಿವೈಂಡಿಂಗ್ ಮಾಡಿ ತಲೆ ನೆರೆಸಿಕೊಂಡವರು, ದೂರದ ಸಂಬಂಧದಲ್ಲಿ ನನಗೆ ಮಾವ. ನನ್ನ ಕಥೆಯನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ತಮ್ಮಾ, ನಿನ್ನ ಹೊಲಕ್ಕ ನೀರು ಬರಲಿಲ್ಲಂದ್ರ ಏನ್ ಮಾಡ್ತಿ? ಡ್ಯಾಮ್ ಬದಲಿ ಮಾಡ್ರಿ ಅಂತೀಯೇನು?”

“ಇಲ್ಲ ಮಾವ. ಕಾಲುವಿ ಹಿಡದು ಮ್ಯಾಲ ಹೋಗಿ ನೋಡ್ತೀನಿ, ಎಲ್ಲಿ ಕಟ್ಟ್ಯಾದ ಅಂತ.”

“ಮತ್ತ ಗಾಡಿಗ್ಯಾಕ ಡ್ಯಾಮ್ ಬದಲಿ ಮಾಡ್ದಿ?”

ಲೋಡ್ ಬಿದ್ದಾಗಲೇ ಗುಟ್ಟು ರಟ್ಟು

ಮಾವ ತಂದದ್ದು ಒಂದು ಸಾದಾ ಮಲ್ಟಿಮೀಟರ್. ಮುನ್ನೂರು ನಾನೂರು ರೂಪಾಯಿಗೆ ಎಲ್ಲ ಕಡೆ ಸಿಗುವಂಥದ್ದು. ಮುಳ್ಳನ್ನು ಡಿಸಿ 20 ವೋಲ್ಟಿಗೆ ತಿರುಗಿಸಿದರು. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದಿತ್ತು. ಸುಮ್ಮನಿದ್ದಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 12.6 ವೋಲ್ಟ್. ಅಂದರೆ ಪೂರ್ತಿ ತುಂಬಿದ ಬ್ಯಾಟರಿ. ನನಗೆ ಕೀಲಿ ತಿರುವಲು ಹೇಳಿದರು. ಟಕ್ ಅಂದಾಗ 12.1ಕ್ಕೆ ಇಳಿಯಿತು. “ನೋಡು, ಬ್ಯಾಟರಿ ಇಳಿವಲ್ದು. ಅಂದ್ರ ಕರೆಂಟ್ ಹೋಗ್ತಾನ ಇಲ್ಲ” ಅಂದರು. ನಾನಾದರೆ ಬ್ಯಾಟರಿ ಗಟ್ಟಿ ಇದೆ ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ದೊಡ್ಡ ಬೋಲ್ಟಿಗೆ. ಕೀಲಿ ತಿರುವಿದಾಗ 0.3. ಪರವಾಗಿಲ್ಲ, ಅರ್ಧ ವೋಲ್ಟಿನ ಒಳಗಿದ್ದರೆ ನಡೆಯುತ್ತದೆ. ಕೊನೆಗೆ ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಮೈಗೆ, ಬಣ್ಣವಿಲ್ಲದ ಬರೀ ಕಬ್ಬಿಣ ಇರುವ ಕಡೆ. ಕೀಲಿ ತಿರುವಿದೆ. 5.6 ವೋಲ್ಟ್! ಅಲ್ಲಿ 0.2, ಹೆಚ್ಚೆಂದರೆ 0.3 ಇರಬೇಕಾದದ್ದು. ಹನ್ನೆರಡರಲ್ಲಿ ಐದೂವರೆಗಿಂತ ಜಾಸ್ತಿ ದಾರಿಯಲ್ಲೇ ಇಂಗಿ ಹೋಗುತ್ತಿತ್ತು. ಸ್ಟಾರ್ಟರಿಗೆ ಮುಟ್ಟುತ್ತಿದ್ದದ್ದು ಆರು ಚಿಲ್ಲರೆ.

ಕಾರಿನ ಕೆಳಗೆ ಹೊಕ್ಕು ನೋಡಿದರೆ, ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ಅರ್ಥ್ ಪಟ್ಟಿ ಕೆಸರು ಮೆತ್ತಿಕೊಂಡು ಹಸಿರು ಬಣ್ಣಕ್ಕೆ ತಿರುಗಿತ್ತು. ಎಳೆಗಳು ಒಂದೊಂದಾಗಿ ತುಂಡಾಗಿ ಬೋಲ್ಟಿನ ಹತ್ತಿರ ನಾಲ್ಕೈದು ಮಾತ್ರ ಉಳಿದಿದ್ದವು. ಹೊಸ ಪಟ್ಟಿಗೆ 180 ರೂಪಾಯಿ. ಬಾಡಿಯ ಕಡೆ ಬಣ್ಣ ಕೆರೆದು, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದರು. ಈಗ ಎಂಜಿನ್ ತಿರುಗುವಾಗ ಬ್ಯಾಟರಿ 10.6ಕ್ಕೆ ಇಳಿಯಿತು, ಅರ್ಥಿನ ನಷ್ಟ 0.15. ಬ್ಯಾಟರಿ ಇಳಿದದ್ದು ನೋಡಿ ನನಗೆ ಗಾಬರಿ. ಮಾವ ನಕ್ಕು, “ದುಡಿಯೋ ಎತ್ತು ಉಸರ್ ಬಿಡಬೇಕಲ್ಲೋ” ಅಂದರು.

ಹಾಗಾದರೆ ಲಿಂಗಸುಗೂರಿನಲ್ಲಿ, ಮಸ್ಕಿಯಲ್ಲಿ ಗಾಡಿ ಚಾಲೂ ಆದದ್ದು ಹೇಗೆ? ತಳ್ಳಿ ಚಾಲೂ ಮಾಡಿದಾಗ ಎಂಜಿನ್ ಅಲುಗಿ, ಕೊಳೆತ ಪಟ್ಟಿ ತುಸು ಕಚ್ಚಿಕೊಂಡಿತು. ಸ್ಟಾರ್ಟರ್ ಬಿಚ್ಚುವಾಗ ಮೆಕ್ಯಾನಿಕ್ಕನ ಕೈ ತಗಲಿ ಮತ್ತೊಮ್ಮೆ ಕಚ್ಚಿಕೊಂಡಿತು. ಗಾಡಿ ಚಾಲೂ ಆದ ಮಾತ್ರಕ್ಕೆ ರಿಪೇರಿ ಸರಿ ಎಂದು ಅವರೂ ನಂಬಿದರು, ನಾನೂ ನಂಬಿದೆ. ಕ್ಲಚ್ಚಿನ ಹತ್ತಿರದ ವಾಸನೆಗೂ ಕಾರಣ ಅದೇ. ಸರಿಯಾದ ದಾರಿ ಮುಚ್ಚಿದ ಮೇಲೆ ಕರೆಂಟು ಕ್ಲಚ್ ಕೇಬಲ್ಲಿನ ಉಕ್ಕಿನ ತಂತಿ ಹಿಡಿದು ಎಂಜಿನ್ನಿಗೆ ದಾಟುತ್ತಿತ್ತು. ಅಷ್ಟು ಸಣ್ಣ ತಂತಿ ಕಾಯದೆ ಇನ್ನೇನು ಮಾಡೀತು? ಒಡ್ಡು ಒಡೆದ ನೀರು ಪಕ್ಕದವನ ಹೊಲಕ್ಕೆ ನುಗ್ಗಿದ ಹಾಗೆ. ಎಕ್ಸಲರೇಟರ್ ಅಥವಾ ಕ್ಲಚ್ ಕೇಬಲ್ ಬಿಸಿಯಾದರೆ ಮೊದಲು ಅರ್ಥ್ ನೋಡಿ.

ಇಲ್ಲಿ ಒಂದು ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಬಹಳ ಮಂದಿ ಮೋಸ ಹೋಗುವುದೇ ಇಲ್ಲಿ. ಟೆಸ್ಟ್ ಲ್ಯಾಂಪ್ ಹಚ್ಚಿ “ಲೈಟ್ ಫುಲ್ ಬರ್ತದ, ಕರೆಂಟ್ ಸರಿ ಅದ” ಅನ್ನುತ್ತಾರೆ. ಹೊಲಗಾಲುವೆಯ ತೂಬುಗಳನ್ನೆಲ್ಲ ಮುಚ್ಚಿಟ್ಟರೆ ಏನಾಗುತ್ತದೆ? ನಡುವೆ ಎಷ್ಟೇ ಹೂಳು, ಜಂಬು ಇದ್ದರೂ ನೀರು ನಿಧಾನಕ್ಕೆ ಜಿನುಗಿ ಆ ಕಡೆ ಈ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೋಡಿದವರು ಕಾಲುವೆ ಸರಿಯಿದೆ ಅನ್ನಬೇಕು. ತೂಬು ಎತ್ತಿ ನೀರು ಓಡಲು ಶುರುವಾದಾಗಲೇ ಹೂಳಿನ ಆಚೆ ಮಟ್ಟ ಕುಸಿಯುವುದು. ವೈರೂ ಹಾಗೆಯೇ. ಸ್ಟಾರ್ಟರ್ ತಿರುಗಲು 200 ಆಂಪಿಯರ್ ಬೇಕೆಂದು ಇಟ್ಟುಕೊಳ್ಳಿ. ಡೀಸೆಲ್ ಎಂಜಿನ್ನಿಗೆ ಅದೇನೂ ದೊಡ್ಡದಲ್ಲ. ಜೋಡಣೆಯಲ್ಲಿ ಒಂದು ಓಮ್‌ನ ನೂರರಲ್ಲೊಂದು ಪಾಲು ತಡೆ ಇದ್ದರೂ ಸಾಕು, 2 ವೋಲ್ಟ್ ಅಲ್ಲೇ ಖಲಾಸ್. ಟೆಸ್ಟ್ ಲ್ಯಾಂಪಿನ ಸಣ್ಣ ಬಲ್ಬಿಗೆ ಅರ್ಧ ಆಂಪಿಯರೂ ಬೇಡ. ಅದೇ ತಡೆಯಲ್ಲಿ ಅದಕ್ಕೆ ಆಗುವ ನಷ್ಟ ವೋಲ್ಟಿನ 200ರಲ್ಲೊಂದು ಪಾಲೂ ಅಲ್ಲ. ಬಲ್ಬು ಝಗ್ಗನೆ ಹೊತ್ತದೆ ಇನ್ನೇನು? ಆದ್ದರಿಂದ ಅಳತೆ ಮಾಡುವುದಿದ್ದರೆ ಕೀಲಿ ತಿರುವಿ ಹಿಡಿದಾಗಲೇ ಮಾಡಬೇಕು. ಐದು ಸೆಕೆಂಡ್ ಸಾಕು, ಸ್ಟಾರ್ಟರನ್ನು ಸುಮ್ಮನೆ ತಿರುಗಿಸುತ್ತ ಸುಡಬೇಡಿ.

ಮೀಟರ್ ಇಲ್ಲದವರಿಗೂ ಉಪಾಯವಿದೆ. ಜಂಪ್ ಮಾಡುವ ದಪ್ಪ ಕೇಬಲ್ ಒಂದಿದ್ದರೆ, ಅದರ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಎಂಜಿನ್ನಿನ ಬರೀ ಕಬ್ಬಿಣಕ್ಕೆ ಕಚ್ಚಿಸಿ ಕೀಲಿ ತಿರುವಿ. ಗಾಡಿ ಚಾಲೂ ಆಯಿತೋ, ದೋಷ ಅರ್ಥಿನಲ್ಲಿದೆ. ಆ ರಾತ್ರಿ ಇದು ನನಗೆ ಗೊತ್ತಿದ್ದರೆ! ಕೇಬಲ್ ಡಿಕ್ಕಿಯಲ್ಲೇ ಇತ್ತು.

ಹೆಡ್‌ಲೈಟ್ ಹಚ್ಚಿಟ್ಟು ಕೀಲಿ ತಿರುವಿ ನೋಡುವುದು ಇನ್ನೂ ಸುಲಭ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಖಾಲಿ ಇಲ್ಲವೇ ಕಂಬದ ಕ್ಲಾಂಪ್ ಸಡಿಲ. ದೀಪ ಹಾಗೇ ಇದ್ದು ಟಕ್ ಅಂದರೆ ನನ್ನ ಕಾರಿನ ಕಾಯಿಲೆ ಇರಬಹುದು ಅಥವಾ ನಿಜವಾಗಿಯೂ ಸ್ಟಾರ್ಟರಿನದೇ. ಟಕ್ ಕೂಡ ಅನ್ನದಿದ್ದರೆ ಕೀಲಿಯ ಸ್ವಿಚ್, ರಿಲೇ, ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರ್ ಕಡೆ ನೋಡಬೇಕು. ಟ್ರ್ಯಾಕ್ಟರಿನಲ್ಲಾದರೆ ಕ್ಲಚ್ಚಿನ ಹತ್ತಿರದ ಸೇಫ್ಟಿ ಸ್ವಿಚ್ಚನ್ನೂ. ಇನ್ನು ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ, ಹಳೆ ಡೀಸೆಲ್ ಗಾಡಿಗಳಲ್ಲಿ ಪಂಪಿನ ಮೇಲಿರುವ ಡೀಸೆಲ್ ಬಂದ್ ಮಾಡುವ ಸೊಲೆನಾಯ್ಡಿನ ವೈರ್ ಕಳಚಿದೆಯೇ ನೋಡಿ. ಕೀಲಿ ಆನ್ ಮಾಡಿದಾಗ ಅದು ಸಣ್ಣಗೆ ಟಿಕ್ ಅನ್ನಬೇಕು.

ನಮ್ಮ ಸೀಮೆಗೆ ಇದು ಹೆಚ್ಚು

ಮಲೆನಾಡಿನವರು ನಮ್ಮದು ಬಿಸಿಲು ನಾಡು, ಇಲ್ಲಿ ತುಕ್ಕು ಎಲ್ಲಿಂದ ಬಂತು ಅನ್ನಬಹುದು. ಕೇಜ್ ವೀಲ್ ಹಾಕಿ ಗದ್ದೆ ಕೆಸರು ಮಾಡುವ ಟ್ರ್ಯಾಕ್ಟರನ್ನು ಒಮ್ಮೆ ಬಗ್ಗಿ ನೋಡಲಿ. ಎರಿ ಮಣ್ಣು ಒಮ್ಮೆ ಮೆತ್ತಿದರೆ ಒಳಗಿನ ಹಸಿ ವಾರಗಟ್ಟಲೆ ಆರುವುದಿಲ್ಲ. ಅರ್ಥ್ ವೈರ್, ಸ್ಟಾರ್ಟರ್ ಎರಡೂ ಕೆಳಗೇ ಇರುವಂಥವು. ಮೇಲೆ ಪೊಟ್ಯಾಷ್ ಚೀಲ ಹೇರುತ್ತೇವೆ, ಅದರ ಪುಡಿ ಉಪ್ಪಲ್ಲದೆ ಮತ್ತೇನು? ಕಾಲುವೆಯಲ್ಲಿ ಗಾಡಿ ಇಳಿಸಿ ತೊಳೆಯುತ್ತೇವೆ, ಒರೆಸುವುದಿಲ್ಲ. ಕೊಯ್ಲಾದ ಮೇಲೆ ಗದ್ದೆ ಬಿಟ್ಟ ಇಲಿಗಳಿಗೆ ಬೆಚ್ಚಗಿನ ಬಾನೆಟ್ಟಿಗಿಂತ ಒಳ್ಳೆಯ ಮನೆ ಎಲ್ಲಿದೆ? ನಮ್ಮ ಬೀಗರ ಗೂಡ್ಸ್ ಆಟೋದಲ್ಲಿ ಇಲಿ ಕಡಿದ ಒಂದು ವೈರ್ ಹುಡುಕಲು ಮೂರು ದಿನ ಹಿಡಿಯಿತು. ಸುಗ್ಗಿಯಲ್ಲಿ ಮೂರು ದಿನದ ಬಾಡಿಗೆ ಅಂದರೆ ಲೆಕ್ಕ ಹಾಕಿಕೊಳ್ಳಿ.

ನಾನು ಮೆಕ್ಯಾನಿಕ್‌ಗಳನ್ನು ಬೈಯಲು ಹೊರಟಿಲ್ಲ. “ಲಗೂನ ಮಾಡಪಾ, ಹೊತ್ತಾತು” ಎಂದು ತಲೆ ಮೇಲೆ ನಿಲ್ಲುವವರು ನಾವೇ. ಹತ್ತು ನಿಮಿಷ ಅಳತೆ ಮಾಡಿ ವೈರ್ ಬಿಗಿದು ನೂರು ರೂಪಾಯಿ ಕೇಳಿದರೆ “ಏನ್ ಮಾಡ್ದಿ ಅಂತ ನೂರು?” ಎಂದು ಜಗಳ ತೆಗೆಯುವವರೂ ನಾವೇ. ಸಾಮಾನು ಬದಲಿಸಿ ನಾಲ್ಕು ಸಾವಿರ ಕೇಳಿದರೆ ಸುಮ್ಮನೆ ಕೊಡುತ್ತೇವೆ, ಕೈಯಲ್ಲಿ ಹಳೆ ಸಾಮಾನು ಹಿಡಿದುಕೊಂಡು ಬಂದ ಸಮಾಧಾನ. ಹುಡುಕುವ ಬುದ್ಧಿಗೆ ಬೆಲೆ ಇಲ್ಲ, ಸಾಮಾನಿಗೆ ಮಾತ್ರ ಬೆಲೆ. ಹೀಗಿದ್ದರೆ ಯಾವ ಹುಡುಗ ಹುಡುಕುವುದನ್ನು ಕಲಿತಾನು?

ನನ್ನ ಅಭಿಪ್ರಾಯ ಇಷ್ಟು. ಬ್ಯಾಟರಿಯಾಗಲಿ ಸ್ಟಾರ್ಟರಾಗಲಿ ಬದಲಿಸುವ ಮೊದಲು ಲೋಡ್ ಬಿದ್ದಾಗ ಎಷ್ಟು ವೋಲ್ಟ್ ಇತ್ತು, ಪ್ಲಸ್ ಕಡೆ ನಷ್ಟ ಎಷ್ಟು, ಅರ್ಥ್ ಕಡೆ ಎಷ್ಟು ಎಂಬ ಮೂರು ಅಂಕಿಗಳನ್ನು ಬಿಲ್ಲಿನ ಹಿಂದೆ ಬರೆದುಕೊಡಿ ಎಂದು ನಾವು ಕೇಳಬೇಕು. ಅದಕ್ಕೆ ಬೇರೆಯಾಗಿ ನೂರಿನ್ನೂರು ಕೊಡಲೂ ಬೇಕು. ಕಾಲುವೆಯ ಗೇಜ್ ಕಡಿಮೆಯಾದರೆ ಅಂಕಿ ಹಿಡಿದು ಎಂಜಿನಿಯರರನ್ನು ಕೇಳುವ ನಾವು, ನಮ್ಮ ಗಾಡಿಯ ಗೇಜ್ ಯಾಕೆ ಕೇಳಬಾರದು? ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಪತ್ತೆ ಮಾಡಿದ ಶಾಸನದ ಕಥೆ ನಮ್ಮ ಕಡೆ ಶಾಲೆ ಮಕ್ಕಳಿಗೂ ಗೊತ್ತು. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂದು ಪಂಡಿತರು ಮೊದಲೇ ಊಹಿಸಿದ್ದರು. ಆದರೂ ಮಸ್ಕಿಯ ಕಲ್ಲಿನ ಮೇಲೆ ಹೆಸರು ಕಂಡಮೇಲೆಯೇ ಅದು ಖಾತ್ರಿಯಾದದ್ದು. ಅದೇ ಮಸ್ಕಿಯಲ್ಲಿ ನಾನು ಬರೀ ಊಹೆಗೆ 4,300 ಕೊಟ್ಟು ಬಂದೆ.

ಇನ್ನೊಂದು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅದರಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೂ ಇದೆ. ತರಬೇತಿ ಎಂದರೆ ಹೊಸ ಯಂತ್ರ ತೋರಿಸುವುದು, ಸಬ್ಸಿಡಿ ಹೇಳುವುದು ಎಂದಷ್ಟೇ ಆಗಬಾರದು. ಒಂದು ಹಳೆ ಟ್ರ್ಯಾಕ್ಟರ್ ನಿಲ್ಲಿಸಿ, ಬೇಕಂತಲೇ ಅರ್ಥ್ ಸಡಿಲ ಮಾಡಿ, “ಹುಡುಕ್ರಿ ನೋಡೋಣು” ಎಂದು ರೈತರ ಕೈಗೆ ಮೀಟರ್ ಕೊಡಲಿ. ಅರ್ಧ ದಿನ ಸಾಕು. ಹೆಣ್ಣುಮಕ್ಕಳನ್ನೂ ಕರೆಯಲಿ, ಗಂಡಸರು ಊರಲ್ಲಿ ಇಲ್ಲದಾಗಲೇ ಗಾಡಿ ಕೆಡುವುದು.

ಎಲ್ಲವನ್ನೂ ನಾವೇ ಮಾಡಬಹುದು ಎಂದು ಮಾತ್ರ ತಿಳಿಯಬೇಡಿ. ಈಗಿನ ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಇರುತ್ತದೆ, ಕೀಲಿಯಲ್ಲೇ ಚಿಪ್ ಇರುತ್ತದೆ. ಆ ಸಣ್ಣ ವೈರ್‌ಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಸಾವಿರದ ಕೆಲಸ ಹತ್ತಾರು ಸಾವಿರಕ್ಕೆ ಹೋದೀತು. ಬ್ಯಾಟರಿ, ದಪ್ಪ ಕೇಬಲ್, ಅರ್ಥ್, ಫ್ಯೂಸ್ ಇಷ್ಟು ನಮ್ಮ ಗಡಿ. ಫ್ಯೂಸ್ ಹೋದರೆ ಅದೇ ಆಂಪಿಯರಿನದು ಹಾಕಿ. ತಂತಿ ಸುತ್ತಿದವರ ಗಾಡಿ ಸುಟ್ಟದ್ದುಂಟು. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕೈಯಲ್ಲಿ ಕಡಗ, ವಾಚು ಬೇಡ. ಕಂಬಕ್ಕೆ ಬಿಳಿ ಬೂದಿ ಹಿಡಿದಿದ್ದರೆ ಅಡುಗೆ ಸೋಡಾದ ನೀರಿನಿಂದ ತೊಳೆಯಿರಿ, ಮುಚ್ಚಳದೊಳಗೆ ಒಂದು ಹನಿಯೂ ಹೋಗಬಾರದು. ಬೇರೆ ಗಾಡಿಯಿಂದ ಜಂಪ್ ಮಾಡುವಾಗ ಕೊನೆಯ ಮೈನಸ್ ತುದಿಯನ್ನು ಕೆಟ್ಟ ಗಾಡಿಯ ಬ್ಯಾಟರಿಗೆ ಕಚ್ಚಿಸಬೇಡಿ, ದೂರದಲ್ಲಿ ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಏಳುತ್ತಿರುತ್ತದೆ, ಒಂದು ಕಿಡಿ ಸಾಕು.

ಟ್ರ್ಯಾಕ್ಟರ್ ಪಕ್ಕ ನೆಲದ ಮೇಲೆ ನಿಂತು ಸ್ಟಾರ್ಟರಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಾಲೂ ಮಾಡುವ ಚಾಳಿ ನಮ್ಮಲ್ಲಿ ಬಹಳ ಇದೆ. ಗೇರಿನಲ್ಲಿದ್ದರೆ ದೊಡ್ಡ ಚಕ್ರ ನೇರ ಮೈಮೇಲೆ ಬರುತ್ತದೆ. ಸೇಫ್ಟಿ ಸ್ವಿಚ್ ಇರುವುದೇ ಅದಕ್ಕಾಗಿ, ಅದನ್ನು ದಾಟಿ ಹೋಗುವ ಜಾಣತನ ಬೇಡವೇ ಬೇಡ.

ಮಾವನ ಮೀಟರ್ ನೋಡಿ ನಾನೂ ಒಂದು ಕೊಂಡೆ. ನಮ್ಮ ಓಣಿಯ ಆರು ಟ್ರ್ಯಾಕ್ಟರ್‌ಗಳನ್ನು ಒಂದು ಭಾನುವಾರ ಅಳೆದೆವು. ಕೀಲಿ ತಿರುವುವ ಕೆಲಸ ಹಾವು ಕಚ್ಚಿದ್ದ ಆ ಹುಡುಗನದು. ಎರಡರಲ್ಲಿ ಅರ್ಥಿನ ನಷ್ಟ ಒಂದು ವೋಲ್ಟ್ ದಾಟಿತ್ತು. ಒಬ್ಬರು ಅಲ್ಲೇ ಬಿಚ್ಚಿ ಕೆರೆದು ಬಿಗಿದರು. ಇನ್ನೊಬ್ಬರು, “ಸುಗ್ಗಿ ಮುಗೀಲಿ ಬಿಡ್ರಿ, ನೋಡಿದ್ರಾತು” ಅಂದರು. ಅವರ ಟ್ರ್ಯಾಕ್ಟರ್ ಈಗಲೂ ರಾತ್ರಿ ಊರ ಮುಂದಿನ ಇಳಿಜಾರಿನಲ್ಲೇ ನಿಲ್ಲುತ್ತದೆ.